ಪೊಟ್ಟಣದ ವಿಚಾರ

ಪೊಟ್ಟಣವೂ ಒಂದು ಪ್ರಬಂಧಕ್ಕೆ ವಿಷಯವೇ ಎಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ನಾನೂ ಮೊದಲು ಹಾಗೆಯೇ ಎಣಿಸಿದ್ದವನು. ಪಾಠಶಾಲೆಯಲ್ಲಿ ಓದಿ, ಮೂವತ್ತೈದು ವರ್ಷ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತನಾದವನಿಗೆ ಒಳಗಿನ ಪದಾರ್ಥ ಮುಖ್ಯವೇ ಹೊರತು ಅದನ್ನು ಸುತ್ತಿದ ಹೊದಿಕೆಯಲ್ಲ. ಆದರೆ ನನ್ನ ಜೀವಮಾನದಲ್ಲಿ ಎರಡು ಸಲ ಈ ಹೊದಿಕೆಯ ಮಾತೇ ನಮ್ಮ ಮನೆಯಲ್ಲಿ ದೊಡ್ಡದಾಯಿತು. ಆದುದರಿಂದ ಅದರ ವಿಚಾರವಾಗಿ ನಾಲ್ಕು ಮಾತು ಬರೆಯಲು ಧೈರ್ಯ ಮಾಡಿದ್ದೇನೆ.

ನಾನು ಚಿಕ್ಕವನಾಗಿದ್ದಾಗ ಅಂಗಡಿಯ ಶೆಟ್ಟರು ಸಕ್ಕರೆಯನ್ನು ಹಳೆಯ ಕಾಗದದಲ್ಲಿ ಕಟ್ಟಿ, ನೂಲು ಸುತ್ತಿ ಕೊಡುತ್ತಿದ್ದರು. ಹೂವು ಬಾಳೆಯೆಲೆಯಲ್ಲಿ ಬರುತ್ತಿತ್ತು. ಬೆಣ್ಣೆ ಮುತ್ತುಗದ ಎಲೆಯಲ್ಲಿ. ಮೇಲುಕೋಟೆಯಿಂದ ತರುತ್ತಿದ್ದ ಪುಳಿಯೋಗರೆ ದೊನ್ನೆಯಲ್ಲಿ. ತಿಂದು ಬಿಸುಟ ಎಲೆಯನ್ನು ದನ ಮೇಯುತ್ತಿತ್ತು. ಉಳಿದುದು ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಆ ಕಾಲವನ್ನು ಹೊಗಳುವುದು ನನ್ನ ವಯಸ್ಸಿನವರಿಗೆ ಸುಲಭ. ಆದರೆ ಮಳೆಗಾಲದಲ್ಲಿ ಸಕ್ಕರೆ ನೀರೊಡೆಯುತ್ತಿದ್ದುದೂ, ಕಾಫಿಪುಡಿಯ ಪರಿಮಳ ಎರಡೇ ದಿನಕ್ಕೆ ಹಾರಿಹೋಗುತ್ತಿದ್ದುದೂ, ದೊನ್ನೆಯ ಎಣ್ಣೆ ಜಿನುಗಿ ಪಂಚೆಗೆ ಕಲೆಯಾಗುತ್ತಿದ್ದುದೂ ಅಷ್ಟೇ ನಿಜ.

1989ರ ಆಷಾಢದಲ್ಲಿ ನಮ್ಮ ಎರಡು ವರ್ಷದ ಮಗಳಿಗೆ ವಾಂತಿಭೇದಿ ಹತ್ತಿತು. ಮಳೆಯಿಂದ ದಾರಿ ಕೆಟ್ಟಿತ್ತು; ಪೇಟೆಯ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದು, ಅಳುವುದಕ್ಕೂ ಶಕ್ತಿಯಿರಲಿಲ್ಲ. ಊರಿನ ದಾದಿಯಮ್ಮ ಕೊಡೆ ಹಿಡಿದು ಬಂದು, ಸೆರಗಿನ ಗಂಟಿನಿಂದ ಬೆಳ್ಳಿಯ ಬಣ್ಣದ ಮೂರು ಪೊಟ್ಟಣಗಳನ್ನು ತೆಗೆದಳು. "ಕಾದಾರಿದ ನೀರು ಒಂದು ಲೀಟರು, ಅದಕ್ಕೆ ಒಂದು ಪೊಟ್ಟಣ. ಚಮಚದಲ್ಲಿ ಬಿಡದೆ ಕುಡಿಸ್ತಾ ಇರಿ ಸ್ವಾಮಿ, ವಾಂತಿಯಾದರೂ ನಿಲ್ಲಿಸಬೇಡಿ" ಎಂದಳು. ನಾನೂ ನನ್ನ ಹೆಂಡತಿಯೂ ಸರದಿಯಲ್ಲಿ ಕುಳಿತು ಬೆಳಗಿನವರೆಗೆ ಕುಡಿಸಿದೆವು. ಬೆಳಗಾಗುವ ವೇಳೆಗೆ ಮಗು ಗಟ್ಟಿಯಾಗಿ ಅತ್ತಿತು. ಅಂಥ ಇಂಪಾದ ಅಳುವನ್ನು ನಾನು ಮತ್ತೆಂದೂ ಕೇಳಿಲ್ಲ.

ಆ ಪುಡಿಯಲ್ಲಿ ಇದ್ದುದು ಗ್ಲೂಕೋಸು ಮತ್ತು ಕೆಲವು ಲವಣಗಳು ಮಾತ್ರ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ, ಬಂಗಾಳದ ಬೊನ್‌ಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾಕ್ಟರ್ ದಿಲೀಪ್ ಮಹಲನೊಬಿಸ್ ಅವರು ಇದನ್ನೇ ತೂಗಿಸಿ, ಪಾಲಿಥೀನ್ ಚೀಲಗಳಲ್ಲಿ ತುಂಬಿಸಿ, ಕಾದ ಕಬ್ಬಿಣದಿಂದ ಬಾಯಿ ಮುಚ್ಚಿಸಿ, ನೀರಿನಲ್ಲಿ ಕದಡಿ ಕುಡಿಸುವ ಏರ್ಪಾಡು ಮಾಡಿದರು; ಸಾವಿರಾರು ಜನ ಬದುಕಿದರು. ಆದರೆ ಆ ಪುಡಿಗೆ ತೇವ ತಾಗಿದರೆ ಗಟ್ಟಿಕಟ್ಟಿ ಬಣ್ಣಗೆಡುತ್ತದೆ. ಆದುದರಿಂದಲೇ ಅದಕ್ಕೆ ಅಲ್ಯೂಮಿನಿಯಮ್ ತಗಡಿನ ಪದರ ಸೇರಿದ ಪೊಟ್ಟಣ ಬೇಕಾಯಿತು. 1984ರಲ್ಲಿ ಸೋಡಾದ ಬದಲು ಸಿಟ್ರೇಟ್ ಲವಣವನ್ನು ಹಾಕುವಂತೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದಕ್ಕೂ ಪುಡಿ ಹೆಚ್ಚು ಕಾಲ ಕೆಡದಿರಲೆಂಬುದೇ ಒಂದು ಕಾರಣ. ಔಷಧಿ ಎಷ್ಟು ಒಳ್ಳೆಯದಾದರೂ ನಮ್ಮ ದಾದಿಯಮ್ಮನ ಸೆರಗಿನವರೆಗೆ, ಅಂಥ ಮಳೆಯಲ್ಲಿ, ಒಣಗಿದಂತೆಯೇ ಬರಬೇಕಲ್ಲವೆ?

ಇನ್ನು ಎರಡನೆಯ ಪ್ರಸಂಗ. 2014ರಲ್ಲಿ ನಮ್ಮ ಹಸು ಕಪಿಲೆ ಮೇವು ಬಿಟ್ಟಿತು. ಹೊಟ್ಟೆ ಉಬ್ಬರಿಸಿ, ಮೆಲುಕು ನಿಂತು, ಹತ್ತು ದಿನ ನರಳಿ ಸತ್ತಿತು. ಪಶುವೈದ್ಯರು ಹೊಟ್ಟೆಯನ್ನು ಕೊಯ್ದಾಗ ಹೊರಬಂದ ಮುದ್ದೆಯನ್ನು ಕಂಡು ನಾನು ಗೋಡೆ ಹಿಡಿದು ನಿಂತೆ. ಹಗ್ಗದಂತೆ ಹೊಸೆದುಕೊಂಡ ಚೀಲಗಳು, ಪೊಟ್ಟಣಗಳು. ಒಂದರ ಮೇಲೆ, ನಮ್ಮ ಮನೆಗೆ ತಿಂಗಳು ತಿಂಗಳೂ ತರುತ್ತಿದ್ದ ಪುಳಿಯೋಗರೆ ಪುಡಿಯ ಹೆಸರು ಇನ್ನೂ ಓದುವಂತಿತ್ತು; ಒಂದಕ್ಷರವೂ ಮಾಸಿರಲಿಲ್ಲ. ಬೇರೆಯವರ ಮನೆಯದೆಂದು ಹೇಳಿಕೊಂಡು ಸಮಾಧಾನಪಡುವಂತಿರಲಿಲ್ಲ. ಎಲೆಯನ್ನು ಎಸೆದ ಕೈಯಿಂದಲೇ ನಾವು ಪೊಟ್ಟಣವನ್ನೂ ಅದೇ ತಿಪ್ಪೆಗೆ ಎಸೆದಿದ್ದೆವು. ಉಪ್ಪು ಎಣ್ಣೆಗಳ ವಾಸನೆಗೆ ಅದು ತಿಂದಿತ್ತು.

ಅಕ್ಷರ ಏಕೆ ಮಾಸಲಿಲ್ಲವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನ ಪೀಣ್ಯದಲ್ಲಿ ಇಂಥ ಪೊಟ್ಟಣಗಳನ್ನು ತಯಾರಿಸುವ ಕಾರ್ಖಾನೆಯ ಮೇಲ್ವಿಚಾರಕ. "ನಮ್ಮದು ಕನ್ವರ್ಟಿಂಗ್ ಕೆಲಸ ಮೇಷ್ಟ್ರೇ, ಫಿಲ್ಮು ಬೇರೆ ಕಡೆಯಿಂದ ಬರುತ್ತೆ, ನಾವು ಅಚ್ಚು ಹಾಕಿ, ಅಂಟಿಸಿ, ಕೊಯ್ದು ಕಳಿಸ್ತೀವಿ" ಎಂದು ಹೇಳಿ ಒಂದು ದಿನ ಕರೆದುಕೊಂಡು ಹೋದ. ಅಲ್ಲಿ ಪಾರದರ್ಶಕವಾದ ಪಾಲಿಯೆಸ್ಟರ್ ಫಿಲ್ಮು ದೊಡ್ಡ ಉರುಳೆಯಿಂದ ಬಿಚ್ಚಿಕೊಂಡು ಓಡುತ್ತದೆ. ಅದರ ದಪ್ಪ 12 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಹನ್ನೆರಡು. ಒಂದೊಂದು ಬಣ್ಣಕ್ಕೆ ಒಂದೊಂದು ಉರುಳೆ; ಅದರ ತಾಮ್ರದ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಕೊರೆದು ಶಾಯಿ ನಿಲ್ಲಿಸಿರುತ್ತಾರೆ. ಅಚ್ಚು ಬೀಳುವುದು ಫಿಲ್ಮಿನ ಒಳಮೈಗೆ, ಅಕ್ಷರ ತಿರುಗುಮುರುಗಾಗಿ. ಅದರ ಹಿಂದೆ ಅಲ್ಯೂಮಿನಿಯಮ್ ತಗಡನ್ನೂ, ತಗಡಿನ ಹಿಂದೆ ಪಾಲಿಥೀನನ್ನೂ ಅಂಟಿಸಿ, ಅಂಟು ಬಲಿಯಲೆಂದು ಬೆಚ್ಚಗಿನ ಕೋಣೆಯಲ್ಲಿ ಇಡುತ್ತಾರೆ. ಆಮೇಲೆ ಬೇಕಾದ ಅಗಲಕ್ಕೆ ಸೀಳುತ್ತಾರೆ. ಹೀಗೆ ಅಕ್ಷರ ಎರಡು ಪದರಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಕೈಯೂ ಉಜ್ಜಲಾರದು, ಹಸುವಿನ ಜಠರವೂ ಅಳಿಸಲಾರದು.

ಮೂರು ಪದರಕ್ಕೂ ಮೂರು ಕೆಲಸ. ಪಾಲಿಯೆಸ್ಟರು ಬಲಕ್ಕೆ ಮತ್ತು ಅಂದಕ್ಕೆ; ತಗಡು ಗಾಳಿ, ಬೆಳಕು, ತೇವಗಳನ್ನು ತಡೆಯುವುದಕ್ಕೆ; ಪಾಲಿಥೀನು ಬಾಯಿ ಮುಚ್ಚುವುದಕ್ಕೆ. ಪಾಲಿಥೀನು ಸುಮಾರು 110 ಡಿಗ್ರಿಗೆ ಕರಗುತ್ತದೆ. ಪಾಲಿಯೆಸ್ಟರಿಗೆ 250 ಡಿಗ್ರಿಯ ಮೇಲೆ ಬೇಕು. ಆದುದರಿಂದ ಕಾದ ಇಕ್ಕಳ ಹಿಡಿದಾಗ ಒಳಗಿನದು ಕರಗಿ ಒಂದಾಗುತ್ತದೆ. ಹೊರಗಿನದಕ್ಕೆ ಏನೂ ಆಗುವುದಿಲ್ಲ. ಈ ಜಾಣತನಕ್ಕೆ ನಾನು ತಲೆದೂಗಿದೆ. ಆಮೇಲೆ ಕೇಳಿದೆ:

"ಇದನ್ನು ಮತ್ತೆ ಬಿಡಿಸುವುದು ಹೇಗಪ್ಪ?"

"ಬಿಡಿಸೋಕೆ ಬರೋದಿಲ್ಲ ಮೇಷ್ಟ್ರೇ. ಬಿಡಬಾರದು ಅಂತಲೇ ಅಂಟಿಸೋದು. ಪದರ ಬಿಟ್ಟರೆ ಗಿರಾಕಿ ಮಾಲೆಲ್ಲ ವಾಪಸು ಕಳಿಸ್ತಾನೆ."

ವ್ಯಾಕರಣದಲ್ಲಿ ನಿತ್ಯಸಮಾಸವೆಂಬುದೊಂದುಂಟು. 'ರಾಜಪುರುಷ'ನನ್ನು 'ರಾಜನ ಪುರುಷ'ನೆಂದು ಬಿಡಿಸಿ ಹೇಳಬಹುದು. 'ಕೃಷ್ಣಸರ್ಪ'ವನ್ನು ಹಾಗೆ 'ಕರಿಯ ಹಾವು' ಎಂದು ಬಿಡಿಸಿದರೆ ಅರ್ಥವೇ ಕೆಡುತ್ತದೆ; ಅದೊಂದು ಹಾವಿನ ಜಾತಿಯ ಹೆಸರು. ನನ್ನ ಶಿಷ್ಯನ ಕೈಯ ಪೊಟ್ಟಣವೂ ಅಂಥ ನಿತ್ಯಸಮಾಸವೇ. ತಗಡೊಂದೇ ಇದ್ದರೆ ಕರಗಿಸಬಹುದು, ಪಾಲಿಥೀನೊಂದೇ ಇದ್ದರೆ ಕರಗಿಸಬಹುದು. ಮೂರೂ ಸೇರಿದ್ದನ್ನು ಗುಜರಿಯವನೂ ಮುಟ್ಟುವುದಿಲ್ಲ. ನನ್ನ ಮಗಳನ್ನು ಉಳಿಸಿದ ಗುಣವೂ ಕಪಿಲೆಯನ್ನು ಕೊಂದ ಗುಣವೂ ಬೇರೆ ಬೇರೆಯಲ್ಲ, ಒಂದೇ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು.

ಸರಕಾರಕ್ಕೂ ಈ ಗಂಟು ಬಿಚ್ಚಿದಂತೆ ಕಾಣದು. ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ನಿಲ್ಲಿಸತಕ್ಕದ್ದೆಂದು 2016ರ ನಿಯಮ ಹೇಳಿತು. ಎರಡು ವರ್ಷ ತುಂಬುತ್ತಿದ್ದಂತೆ, 2018ರಲ್ಲಿ ತಿದ್ದುಪಡಿ ಬಂದಿತು: ಸುಟ್ಟು ಶಕ್ತಿ ಪಡೆಯಲಾಗದ, ಬೇರೆ ಉಪಯೋಗಕ್ಕೆ ಬಾರದ, ಎಂದು ಇನ್ನೆರಡು ವಿಶೇಷಣಗಳು ಸೇರಿದುವು. ಸಿಮೆಂಟಿನ ಗೂಡಿನಲ್ಲಿ ಇಂಥದನ್ನು ಸುಡಬಹುದಾದುದರಿಂದ ನಿಷೇಧ ಸಡಿಲಿತು. ಎರಡು ವಿಶೇಷಣಗಳಿಗೆ ಎಷ್ಟು ಶಕ್ತಿಯುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ತರಗತಿಯಲ್ಲಿ ದೊರೆತಿರಲಿಲ್ಲ. 2022ರ ನಿಯಮದಂತೆ ಪೊಟ್ಟಣದಲ್ಲಿ ಸರಕು ಮಾರುವವರೇ ಕಸದ ಹೊಣೆಯನ್ನೂ ಹೊರಬೇಕು.

ಈಗ ಮೂರು ಪದರವನ್ನೂ ಪಾಲಿಥೀನ್ ಜಾತಿಯಲ್ಲಿಯೇ ಮಾಡುವ ಪ್ರಯತ್ನ ನಡೆದಿದೆಯೆಂದು ಶಿಷ್ಯ ಒಂದು ತುಂಡನ್ನು ತೋರಿಸಿದ. ಅದನ್ನು ಒಟ್ಟಿಗೆ ಕರಗಿಸಬಹುದು. ಆದರೆ ತಗಡಿನಷ್ಟು ತೇವ ತಡೆಯುವುದು ಕಷ್ಟ, ಹೊರಮೈ ಬೇಗ ಕರಗುವುದರಿಂದ ಇಕ್ಕಳದ ಬಿಸಿಯೂ ಹದವಾಗಿರಬೇಕು, ಖರ್ಚೂ ಹೆಚ್ಚು. "ಔಷಧಿಗೆ ತಗಡು ಇರಲಿ ಮೇಷ್ಟ್ರೇ, ಚಕ್ಕುಲಿ ನಿಪ್ಪಟ್ಟಿಗೆ ಯಾಕೆ ಬೇಕು?" ಎಂದ. ಪಾಠ ಹೇಳಿದ ನನಗಿಂತ ಅವನೇ ಚೆನ್ನಾಗಿ ತೂಗಿ ಹೇಳಿದನೆಂದು ಸಂತೋಷವಾಯಿತು.

ನಮ್ಮ ಮನೆಯಲ್ಲಿ ಈಗ ಪುಳಿಯೋಗರೆ ಗೊಜ್ಜನ್ನು ಕುದಿಸಿ ಭರಣಿಯಲ್ಲಿ ತುಂಬುತ್ತಾರೆ. ಹಾಲಿನ ಪೊಟ್ಟಣ ಬಿಟ್ಟಿಲ್ಲ. ಹಸು ಕಟ್ಟುವ ಧೈರ್ಯ ಮತ್ತೆ ಬರಲಿಲ್ಲ. ಅದರ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಂಡು ಅಂಟಿಕೊಂಡಿರುವಂತೆ ಸೀಳಿ, ತೊಳೆದು, ತಂತಿಗೆ ಒಣಹಾಕುವುದು ನನ್ನ ಪಾಲಿನ ಕೆಲಸ. ಕಳೆದ ತಿಂಗಳು ಮಗಳು ತನ್ನ ಮಗುವಿನೊಡನೆ ಬಂದಿದ್ದಳು. ತಂತಿಯ ಮೇಲಿನ ಸಾಲನ್ನು ನೋಡಿ, "ಇದೇನಪ್ಪಾ, ಪೊಟ್ಟಣಕ್ಕೂ ಇಷ್ಟು ಮಡಿಯೆ?" ಎಂದು ನಕ್ಕಳು. ಹೌದಮ್ಮ ಎಂದು ಹೇಳಿ, ಕೈಯಲ್ಲಿದ್ದುದನ್ನು ತಂತಿಗೆ ಹಾಕಿದೆ.