ಐದೂವರೆ ಗಂಟೆಯ ಕಿತಾಪತಿ

1970ನೆಯ ಇಸವಿ ಜನವರಿ 1, ಬೆಳಿಗ್ಗೆ 5.30. ಈ ವೇಳೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಒಮ್ಮೆಯಾದರೂ ಕಾಣದ ಗುಮಾಸ್ತರು ನಮ್ಮಲ್ಲಿ ವಿರಳ. ಅನೇಕ ಯಂತ್ರಗಳು ಕಾಲವನ್ನು ಆ ದಿನದ ಗ್ರೀನಿಚ್ ನಡುರಾತ್ರಿಯಿಂದ ಸೆಕೆಂಡು ಸೆಕೆಂಡಾಗಿ ಎಣಿಸುತ್ತ ಬರುತ್ತವೆ. ತಾರೀಖು ತುಂಬಬೇಕಾದ ಜಾಗದಲ್ಲಿ ಸೊನ್ನೆ ಉಳಿದರೆ ಎಣಿಕೆಯ ಆರಂಭವೇ ಎದ್ದು ಬಂದು ಕೂರುತ್ತದೆ. ಅವರ ನಡುರಾತ್ರಿ ನಮಗೆ ಬೆಳಗಿನ ಐದೂವರೆ. ಇದು ನೋಡಿದೊಡನೆ ನಗು ಬರಿಸುವ ತಪ್ಪು, ಇದರಿಂದ ಯಾರಿಗೂ ಹಾನಿಯಿಲ್ಲ. ಇದೇ ಐದೂವರೆ ಗಂಟೆ ಮಾಡಿದ ಇನ್ನೊಂದು ಕಿತಾಪತಿ ಹಾಗಲ್ಲ.

ನಮ್ಮ ಕಚೇರಿಯ ಸೇವಾ ವಿವರಗಳನ್ನೆಲ್ಲ ಹೊಸ ತಂತ್ರಾಂಶಕ್ಕೆ ಏರಿಸಿದ ಮೇಲೆ, 2024ರಲ್ಲಿ ನಿವೃತ್ತರಾಗುವವರ ಪಟ್ಟಿ ಅದರಿಂದಲೇ ಹೊರಬಿತ್ತು. ಗದಗಿನ ಕಡೆಯ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹುಟ್ಟಿದ್ದು 1964ರ ಆಗಸ್ಟ್ 2. ಪಟ್ಟಿಯಲ್ಲಿ ಆಗಸ್ಟ್ 1 ಎಂದಿತ್ತು. ಒಂದು ದಿನ ತಾನೇ ಎಂದು ಓದುಗರು ಅನ್ನಬಹುದು. ಮೂಲ ನಿಯಮ 56ನ್ನು ಬಲ್ಲವರು ಅನ್ನಲಾರರು. ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ತಿಂಗಳ ಒಂದನೆಯ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಎಂದರೆ ಆಗಸ್ಟ್ 31ರ ಬದಲು ಜುಲೈ 31. ಒಂದು ತಿಂಗಳ ಪೂರಾ ಸಂಬಳ ಹೋಯಿತು, ಕ್ವಾರ್ಟರ್ಸ್ ಬಿಡುವ ದಿನವೂ ಹಿಂದೆ ಬಂತು. ಮಗಳ ಮದುವೆಯನ್ನು ಕ್ವಾರ್ಟರ್ಸಿನಲ್ಲಿದ್ದಾಗಲೇ ಮುಗಿಸಬೇಕೆಂದು ಲೆಕ್ಕ ಹಾಕಿಕೊಂಡಿದ್ದ ಮನುಷ್ಯ ಅವರು.

ದೂರು ಕೊಟ್ಟರೆ ಬಂದ ಉತ್ತರ ಕೇಳಿ: ಜನ್ಮ ತಾರೀಖಿನ ಬದಲಾವಣೆಯನ್ನು ಸೇವೆಗೆ ಸೇರಿದ ಐದು ವರ್ಷಗಳ ಒಳಗೆ ಕೋರಬೇಕು. ನಿಯಮ ನಿಜ. ಆದರೆ ಬದಲಾವಣೆ ಕೇಳಿದವರು ಯಾರು? ಕಾಗದದ ಸೇವಾ ಪುಸ್ತಕದಲ್ಲಿ 2 ಎಂದೇ ಇದೆ, ಅಕ್ಷರದಲ್ಲೂ ಬರೆದಿದೆ. ಬದಲಾಯಿಸಿದ್ದು ಯಂತ್ರ, ಅಫಿಡವಿಟ್ಟು ಮಾತ್ರ ಮನುಷ್ಯ ತರಬೇಕಂತೆ!

ನಮ್ಮ ವಿಭಾಗದಲ್ಲಿ ಬಿ.ಎಸ್‌ಸಿ. ಓದಿ ಫೈಲುಗಳ ನಡುವೆ ಅದನ್ನು ಮರೆತವರು ಮೂವರಿದ್ದೇವೆ. ನಾವು ಸೇವಾ ಪುಸ್ತಕಗಳನ್ನು ತೆಗೆದು ಪಟ್ಟಿಯೊಡನೆ ಹೋಲಿಸಿದೆವು. ಎಲ್ಲರ ಜನ್ಮ ತಾರೀಖೂ ಒಂದೊಂದು ದಿನ ಹಿಂದೆ. ಕೈತಪ್ಪಿನಿಂದ ಹೀಗಾಗುವುದಿಲ್ಲ, ಮನುಷ್ಯ ಇಷ್ಟು ಕ್ರಮವಾಗಿ ತಪ್ಪುವುದಿಲ್ಲ. ಆಗ ಪರದೆಯ ತಾರೀಖನ್ನು ಬಿಟ್ಟು ಒಳಗಿನ ಕಚ್ಚಾ ಕಡತ ಬೇಕೆಂದು ಪಟ್ಟು ಹಿಡಿದೆವು. ಅದರಲ್ಲಿ ಆಗಸ್ಟ್ 1ರ ಪಕ್ಕದಲ್ಲಿ 18.30 ಎಂಬ ವೇಳೆ ಇತ್ತು. ಕಳ್ಳ ಸಿಕ್ಕಿದ್ದು ಅಲ್ಲಿ. ಹುಟ್ಟಿದ ಗಂಟೆಯನ್ನು ಯಾರೂ ತುಂಬಿರಲಿಲ್ಲವಾಗಿ ತಂತ್ರಾಂಶ ತಾನೇ ನಡುರಾತ್ರಿ ಎಂದು ಹಿಡಿಯಿತು, ಅದನ್ನು ಗ್ರೀನಿಚ್ ಕಾಲಕ್ಕೆ ತಿರುಗಿಸಿತು, ಹಿಂದಿನ ದಿನದ ಸಂಜೆ ಆರೂವರೆ ಆಯಿತು. ಮುದ್ರಿಸುವಾಗ ಗಂಟೆಯನ್ನು ಕತ್ತರಿಸಿ ಎಸೆದು ದಿನವನ್ನಷ್ಟೇ ಉಳಿಸಿಕೊಂಡಿತು. ಭಾರತದ ರೇಖಾಂಶ 82 ಡಿಗ್ರಿ 30 ಮಿನಿಟು, ಡಿಗ್ರಿಗೆ 4 ನಿಮಿಷ, ಒಟ್ಟು 330 ನಿಮಿಷ. ಆ ಅರ್ಧ ಗಂಟೆಯ ಬಾಲ ಇರುವುದರಿಂದಲೇ ತಪ್ಪನ್ನು ಗುರುತಿಸುವುದು ಸುಲಭ. ವ್ಯತ್ಯಾಸ 11 ಗಂಟೆ ಬಂದರೆ ಐದೂವರೆಯನ್ನು ಎರಡು ಸಲ ಕೂಡಿಸಿದ್ದಾರೆ ಎಂದೇ ಸಂಶಯಪಡಬೇಕು. ಏಳೋ ಎಂಟೋ ನಿಮಿಷವಾದರೆ ಪಾಪ, ಆ ಯಂತ್ರದ ಗಡಿಯಾರವೇ ಕೆಟ್ಟಿರಬಹುದು.

ಗುತ್ತಿಗೆದಾರರು ಮೊದಲು ಒಪ್ಪಲಿಲ್ಲ. ಒಪ್ಪಿಸಿದ್ದು ಯುದ್ಧ! ಪಿಂಚಣಿದಾರರ ಕಡತದಲ್ಲಿ 1943, 44ರಲ್ಲಿ ಹುಟ್ಟಿದವರ ಮುಂದೆ ಮಾತ್ರ 18.30ರ ಬದಲು 17.30 ಎಂದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ 15ರ ವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಜಾತಕ ಬರೆಯುವ ನಮ್ಮ ಜೋಯಿಸರು ಆ ಕಾಲದಲ್ಲಿ ಹುಟ್ಟಿದವರಿಗೆ ಇಂದಿಗೂ ಒಂದು ಗಂಟೆ ಕಳೆಯುತ್ತಾರಲ್ಲ, ಅದೇ ಲೆಕ್ಕ. ಜಗತ್ತಿನ ಕಂಪ್ಯೂಟರುಗಳು ಬಳಸುವ ಕಾಲವಲಯದ ಕೋಷ್ಟಕದಲ್ಲಿ ಕೋಲ್ಕತ್ತಾದ ಹೆಸರಿನಡಿ ಇದೂ ದಾಖಲಾಗಿದೆ. ಗಂಟೆಯನ್ನು ತಿರುಗಿಸಿಯೇ ಇಲ್ಲವೆಂದವರು ಇದಕ್ಕೆ ಉತ್ತರ ಹೇಳಲಾರದೆ ಹೋದರು.

ಮುಂಬಯಿಯ ಹೆಸರು ಆ ಕೋಷ್ಟಕದಲ್ಲಿ ಬೇರೆಯಾಗಿ ಇಲ್ಲ. 1906ರ ಜನವರಿ 1ರಿಂದ ಸರ್ಕಾರ ಏಕರೂಪದ ವೇಳೆ ತಂದಾಗ ಈ ಊರು ಸುಲಭವಾಗಿ ಮಣಿಯಲಿಲ್ಲ. 39 ನಿಮಿಷ ಹಿಂದಿದ್ದ ತನ್ನದೇ ಮುಂಬಯಿ ವೇಳೆಯನ್ನು 1955ರ ವರೆಗೂ ಬಿಟ್ಟುಕೊಡಲಿಲ್ಲ. ಮನೆಯ ಹಳೆಯ ಜಾತಕದಲ್ಲಿ ಇಲ್ಲಿನ ಜನನವಿದ್ದರೆ, ಬರೆದ ಗಂಟೆ ಯಾವುದೆಂದು ಹಿರಿಯರಿರುವಾಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಜನ್ಮ ತಾರೀಖನ್ನು ಗಂಟೆಯ ಗೊಡವೆಯಿಲ್ಲದೆ ಬರಿಯ ತಾರೀಖಾಗಿ ಇಡುವಂತೆ ತಿದ್ದಿದರು. ಮೊದಲೇ ಮಾಡಬಹುದಿತ್ತು. ನಮ್ಮ ಹಿರಿಯರು ಆಗಸ್ಟ್ 31ರಂದೇ ನಿವೃತ್ತರಾದರು. ಮದುವೆಯೂ ಕ್ವಾರ್ಟರ್ಸಿನಲ್ಲೇ ಆಯಿತು, ಊಟಕ್ಕೆ ನಾವೆಲ್ಲ ಹೋಗಿದ್ದೆವು.

ಪಿಂಚಣಿದಾರರ ಕಡತದ ಕೆಲಸ ಆಮೇಲೂ ಉಳಿದಿತ್ತು. ಎಂಬತ್ತು ತುಂಬುವ ತಿಂಗಳ ಮೊದಲ ದಿನದಿಂದ ಶೇಕಡಾ 20 ಹೆಚ್ಚುವರಿ ಪಿಂಚಣಿ ಸಲ್ಲುತ್ತದೆ. ಒಂದನೆಯ ತಾರೀಖಿನವರು ಒಂದು ದಿನ ಹಿಂದೆ ಸರಿದರೆ ಒಂದು ತಿಂಗಳು ಮೊದಲೇ ಸಿಕ್ಕಂತಾಯಿತು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟರು ಕಣ್ಣಳತೆಯಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದುದು ಎಲ್ಲರಿಗೂ ಗೊತ್ತು. ತಿದ್ದಬೇಕಾದವರ ಪಟ್ಟಿಯಲ್ಲಿ ಅಂಥವರು ಹಲವರಿದ್ದರು. ಅವರಲ್ಲಿ ಒಬ್ಬರೂ ದೂರು ಕೊಟ್ಟಿರಲಿಲ್ಲ.