ಕೊನೇ ಲಾಂಚು

ಬೇಸಿಗೆ ರಜೆ ಅಂದ್ರೆ ಬೇರೆಯವರಿಗೆ ಮಾವಿನಹಣ್ಣು, ಕ್ರಿಕೆಟ್ಟು ನೆನಪಾಗತ್ತಂತೆ. ನಂಗೆ ಡೀಸೆಲ್ ಹೊಗೆ ನೆನಪಾಗತ್ತೆ. ಬಸ್ಸಿಂದಲ್ಲ, ಲಾಂಚಿಂದು.

ನಮ್ಮ ಟೀಮಿನ ಹುಡುಗ ಒಬ್ಬ ನಾರ್ವೆಗೆ ಹೋಗಿ ಬಂದ. ಕಾರು ಓಡಿಸ್ಕೊಂಡು ಹೋಗೋದು, ರಸ್ತೆ ಮುಗಿದ ಕಡೆ ಕಾರನ್ನೇ ಹಡಗಿಗೆ ಹತ್ತಿಸೋದು, ಆಚೆ ದಡದಲ್ಲಿ ಇಳಿದು ಕಾಡಿನ ಮಧ್ಯದ ಮರದ ಮನೇಲಿ ಒಂದು ವಾರ ಆರಾಮಾಗಿ ಇರೋದು. ಊಟದ ಹೊತ್ತಲ್ಲಿ ವಿಡಿಯೋ ತೋರಿಸ್ತಾ, "ಇಂಥದ್ದೆಲ್ಲ ನಮ್ಮ ಕಡೆ ಎಲ್ಲಿ ಬರಬೇಕು ಬಿಡಿ" ಅಂದ. ನಾನು ನಕ್ಕೆ. ನಾನು ಹುಟ್ಟಿದಾಗಿಂದ ರಜೆ ಕಳೆದದ್ದೇ ಹಾಗೆ. ಮರದ ಮನೆ ಬದಲು ಹಂಚಿನ ಮನೆ, ಅಷ್ಟೇ ವ್ಯತ್ಯಾಸ.

ನಮ್ಮೂರು ಭದ್ರಾವತಿ ಹತ್ತಿರದ ಒಂದು ಹಳ್ಳಿ. ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ. ಭದ್ರಾವತಿಯ ಹುಡುಗನಿಗೆ ಅಷ್ಟು ದೂರದ ಹೆಣ್ಣು ಹೇಗೆ ಸಿಕ್ತು ಅಂತ ಕಾಲೇಜಿನಲ್ಲಿ ಗೆಳೆಯರು ಕೇಳ್ತಿದ್ರು. ದೂರ ಏನಲ್ಲ, ಎರಡೂ ಮನೆಯವರು ಮೊದಲು ಒಂದೇ ಸೀಮೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಲ್ಲೋ ಹೊತ್ತಿಗೆ ಮುಳುಗೋ ಊರಿನವರನ್ನೆಲ್ಲ ಬೇರೆ ಬೇರೆ ಕಡೆ ಕಳಿಸಿದ್ರು. ಅಪ್ಪನ ಅಪ್ಪ ಪಾತ್ರೆಪಗಡ, ದನಕರು ಲಾರಿಗೆ ಹೇರ್ಕೊಂಡು ಭದ್ರಾವತಿ ಕಡೆಯ ಕಾಡಿಗೆ ಬಂದು ಗುಡಿಸಲು ಹಾಕಿದ್ರು. ಅಮ್ಮನ ಮನೆ ಎತ್ತರದಲ್ಲಿತ್ತು, ಮುಳುಗಲಿಲ್ಲ. ಆದ್ರೆ ಸಾಗರ ಪೇಟೆಗೆ ಹೋಗೋ ದಾರಿ ಮುಳುಗಿತು. ಒಂದು ಮನೆಯವರು ನೀರು ಬಂತು ಅಂತ ಎದ್ದು ಹೋದವರು, ಇನ್ನೊಂದು ಮನೆಯವರು ನೀರು ಅಡ್ಡ ಬಂದ ಮೇಲೂ ಅಲ್ಲೇ ಉಳಿದವರು.

ಏಪ್ರಿಲ್ ಹತ್ತಕ್ಕೆ ರಿಸಲ್ಟು ಬಂದ್ರೆ ಹನ್ನೊಂದಕ್ಕೆ ಹೊರಡೋದು. ಬೆಳಿಗ್ಗೆ ಭದ್ರಾವತಿ ಬಸ್ ಸ್ಟ್ಯಾಂಡಲ್ಲಿ ಅಮ್ಮ ಒಂದು ಕೈಲಿ ನನ್ನನ್ನ, ಇನ್ನೊಂದು ಕೈಲಿ ಚೀಲ ಹಿಡಿದು ನಿಲ್ತಿದ್ಲು. ಶಿವಮೊಗ್ಗದಲ್ಲಿ ತುಂಗೆ ದಾಟುವಾಗ ಕೈಮುಗಿಯೋದು. ಅಲ್ಲಿಂದ ಆಯನೂರು, ಕುಂಸಿ, ಆನಂದಪುರ, ಸಾಗರ. ಆಗ ಅದು ನಂಗೆ ಬರೀ ಬಿ.ಎಚ್. ರೋಡು. ಅದರ ಪೂರ್ತಿ ಹೆಸರು ಬೆಂಗಳೂರು–ಹೊನ್ನಾವರ ರಸ್ತೆ ಅಂತ ಗೊತ್ತಾಗಿದ್ದು ಬಿಇ ಓದೋಕೆ ಶಿವಮೊಗ್ಗಕ್ಕೆ ಬಂದ ಮೇಲೆ. ಒಂದು ತುದಿಯಲ್ಲಿ ನನ್ನ ಈಗಿನ ಕೆಲಸ, ಮಧ್ಯದಲ್ಲಿ ಅಪ್ಪನ ಮನೆ, ಇನ್ನಷ್ಟು ಮುಂದೆ ಅಜ್ಜಿ ಮನೆಗೆ ತಿರುಗೋ ದಾರಿ. ನನ್ನ ಇಡೀ ಬದುಕು ಆ ಒಂದೇ ರಸ್ತೆ ಮೇಲಿದೆ.

ಸಾಗರದಲ್ಲಿ ಬಸ್ಸು ಬದಲಿಸಿ, ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದ್ರೆ ರಸ್ತೆ ಸೀದಾ ನೀರಿಗೆ ಇಳೀತಿತ್ತು. ಹಿನ್ನೀರು ತುಂಬಿದಾಗ 1819 ಅಡಿ. ಬೇಸಿಗೇಲಿ ಅದು ಇಳಿದೂ ಇಳಿದೂ ದಡವೇ ಕೆಳಗೆ ಹೋಗಿರ್ತಿತ್ತು. ಕೆಂಪು ಮಣ್ಣಿನ ಇಳಿಜಾರು, ನೀರಿನಿಂದ ತಲೆ ಎತ್ತಿರೋ ಒಣ ಮರದ ಬೊಡ್ಡೆಗಳು. ಅಮ್ಮ ಬೆರಳು ತೋರಿಸಿ, "ಅಲ್ಲಿ ನಿಮ್ಮಪ್ಪನ ಮನೆಯವರ ಗದ್ದೆ ಇತ್ತಂತೆ" ಅಂತಿದ್ಲು. ಎಷ್ಟು ನೋಡಿದ್ರೂ ನೀರೇ ಕಾಣ್ತಿತ್ತು.

ಲಾಂಚು ಬರೋವರೆಗೆ ಕಾಯಬೇಕು. ಬಂದ ಮೇಲೆ ಬಸ್ಸು, ಜೀಪು, ಬೈಕು, ಹಿಂಡಿ ಮೂಟೆ, ಮದುವೆ ದಿಬ್ಬಣ ಎಲ್ಲಾ ಒಟ್ಟಿಗೇ ಹತ್ತೋದು. ಎಂಜಿನ್ ಶುರುವಾದ್ರೆ ಕಾಲಡಿಯ ತಗಡು ನಡುಗೋದು. ಆಚೆ ದಡದಲ್ಲಿ ಮಾವ ಬಿಳಿ ಟವೆಲ್ ಬೀಸ್ತಾ ನಿಂತಿರ್ತಿದ್ರು. ನಂಗೆ ರಜೆ ಶುರುವಾಗ್ತಿದ್ದದ್ದು ಆ ಟವೆಲ್ ಕಂಡ ಮೇಲೆ.

ಕೆಲಸ ಸಿಕ್ಕಿ, ಮದುವೆಯಾಗಿ, ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೇಲೂ ಅದೇ ದಾರಿ. ಬೆಂಗಳೂರಿಂದ ಬಂದು ಭದ್ರಾವತಿಯಲ್ಲಿ ಅಪ್ಪ ಅಮ್ಮನ್ನ ಹತ್ತಿಸ್ಕೊಂಡು ಹೋಗೋದು. ಮೊದಲ ಸಲ ಕಾರನ್ನ ಲಾಂಚಿಗೆ ಹತ್ತಿಸಿದಾಗ ಕೈ ಬೆವೆತಿತ್ತು. ಲಾಂಚಿನವರು "ಬನ್ನಿ ಬನ್ನಿ, ಲೆಫ್ಟ್ ತಗೊಳಿ, ಸಾಕು! ಹ್ಯಾಂಡ್ ಬ್ರೇಕ್ ಹಾಕಿ" ಅಂತ ಕೂಗ್ತಿದ್ರು. ಅಪ್ಪ ಮಾತ್ರ ವಿಮಾನದಲ್ಲಿ ಕೂತವರ ಹಾಗೆ ಮುಂದಿನ ಸೀಟಲ್ಲಿ ಗತ್ತಲ್ಲಿ ಕೂತಿದ್ರು. ನಾನು ನಾಲ್ಕು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಲೈಕು ಚೆನ್ನಾಗಿ ಬಂತು.

ಅವತ್ತು ಶನಿವಾರ. ಸಿಗಂದೂರಿಗೆ ಹೊರಟವರ ಕಾರುಗಳು ದಡದಿಂದ ಮೇಲೆ ತಿರುವಿನವರೆಗೂ ನಿಂತಿದ್ವು. ನಾವು ಮೂರು ಲಾಂಚು ಬಿಟ್ಟು ನಾಲ್ಕನೇದು ಹತ್ತಿದ್ವಿ. ರಾತ್ರಿ ಊಟಕ್ಕೆ ಕೂತಾಗ ನಾನು ಅದನ್ನೇ ಖುಷಿಯಿಂದ ಹೇಳಿದೆ. ಎಷ್ಟು ಜನ, ಏನ್ ಜಾತ್ರೆ ಅಂತ. ಮಾವ ಮಜ್ಜಿಗೆ ಹಾಕ್ಕೊಳ್ತಾ, "ಹೌದು ಮಾರಾಯ, ನೀವೆಲ್ಲ ಬರೋ ದಿನ ನಮ್ಗೆ ಲಾಂಚು ಸಿಗಲ್ಲ" ಅಂದ್ರು. ಬೈದದ್ದಲ್ಲ. ಇದ್ದದ್ದು ಹೇಳಿದ್ರು. ಅತ್ತೆ ತಕ್ಷಣ, "ಅವನಿಗೆ ಇನ್ನೊಂದು ಹಪ್ಪಳ ಹಾಕಿ" ಅಂತ ಮಾತು ತಿರುಗಿಸಿದ್ರು.

ಅದೇ ರಜೇಲಿ ಒಂದಿನ ಸಂಜೆ ಮಗಳಿಗೆ ಜ್ವರ ಬಂತು. ಅವಳಿಗೆ ಆಗ ಎರಡೂವರೆ ವರ್ಷ. ಸಿರಪ್ ಹಾಕಿ ಮಲಗಿಸಿದ್ವಿ. ರಾತ್ರಿ ಹತ್ತರ ಹೊತ್ತಿಗೆ ಹೆಂಡತಿ ಕೂಗಿದ್ದು ಕೇಳಿ ಓಡಿದೆ. ಮಗು ಕೈಕಾಲು ಸೆಟೆದು, ಕಣ್ಣು ಮೇಲೆ ಮಾಡಿತ್ತು. ಒಂದು ನಿಮಿಷವೋ ಎರಡು ನಿಮಿಷವೋ, ಗಡಿಯಾರ ನೋಡೋ ಸ್ಥಿತೀಲಿ ಯಾರೂ ಇರಲಿಲ್ಲ. ಫಿಟ್ಸ್ ನಿಂತ ಮೇಲೂ ಮೈ ಕೆಂಡ. ನಾನು ಕೀ ತಗೊಂಡು, "ಸಾಗರಕ್ಕೆ ಹೋಗೋಣ" ಅಂದೆ. ಯಾರೂ ಮಾತಾಡಲಿಲ್ಲ. ಕೊನೇ ಲಾಂಚು ಸಂಜೆಯೇ ಹೋಗಿತ್ತು. ಮೂವತ್ತು ವರ್ಷದಿಂದ ಆ ದಾರೀಲಿ ಓಡಾಡಿದ ನಂಗೆ, ರಾತ್ರಿ ಅಲ್ಲಿ ದಾರಿಯೇ ಇರಲ್ಲ ಅನ್ನೋದು ಆಗ ತಲೆಗೆ ಹೋಯ್ತು.

ಮಾವ ಪಕ್ಕದಲ್ಲಿ ಕೂತ್ರು. ನಿಟ್ಟೂರು, ನಗರದ ಮೇಲೆ ಸುತ್ತಿ ಹೊಸನಗರ. ಕಾಡು, ತಿರುವು, ಹೊಂಡ. ಹಿಂದಿನ ಸೀಟಲ್ಲಿ ಹೆಂಡತಿ ಮಗುವಿಗೆ ಒದ್ದೆ ಬಟ್ಟೆ ಒರೆಸ್ತಾನೇ ಇದ್ಲು. ಎರಡು ಗಂಟೆ ಮೇಲೆ ಬೇಕಾಯ್ತು. ಡಾಕ್ಟ್ರು ನೋಡಿ, ಈ ವಯಸ್ಸಿನ ಮಕ್ಕಳಲ್ಲಿ ಜ್ವರ ಏರಿದಾಗ ಹೀಗಾಗೋದುಂಟು, ಭಯ ಬೇಡ ಅಂದ್ರು. ಬೆಳಗಾಗೋ ಹೊತ್ತಿಗೆ ಮಗಳು ಬಿಸ್ಕತ್ತು ಕೇಳಿದ್ಲು.

ಆಸ್ಪತ್ರೆ ಎದುರು ಟೀ ಕುಡೀತಾ ನಾನು ಏನೋ ಬಡಬಡಿಸ್ತಿದ್ದೆ. ಮಾವ ಕೇಳಿಸ್ಕೊಂಡು, "ನಿಂಗೆ ಕಾರಿತ್ತು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಯ್ಯಂಗೆ ಕಾರಿರಲಿಲ್ಲ."

ಅಜ್ಜ ತೀರಿಕೊಂಡದ್ದು 1998ರಲ್ಲಿ, ನಂಗೆ ಒಂಬತ್ತು ವರ್ಷ. ಮನೇಲಿ ಯಾವಾಗ್ಲೂ "ಅಜ್ಜ ಹೊಳೆಬಾಗಿಲಲ್ಲಿ ಹೋದ್ರು" ಅಂತಿದ್ರು. ಅದು ನಂಗೆ ಚಂದದ ಮಾತಿನ ಹಾಗೇ ಕೇಳ್ತಿತ್ತು. ಅವರು ಇಷ್ಟಪಡೋ ಜಾಗ, ಅಲ್ಲೇ ಹೋದ್ರು ಅನ್ನೋ ಹಾಗೆ. ಮಾವ ಅವತ್ತು ಹೇಳಿದ್ರು. ರಾತ್ರಿ ಎದೆನೋವು ಅಂದ್ರಂತೆ. ಸುತ್ತು ದಾರೀಲಿ ಹೋಗೋಕೆ ಗಾಡಿ ಸಿಗಲಿಲ್ಲ. ಕಂಬಳಿ ಹೊದೆಸಿ ಎತ್ತಿನ ಗಾಡೀಲಿ ದಡಕ್ಕೆ ಕರ್ಕೊಂಡು ಬಂದು, ಬೆಳಗಿನ ಮೊದಲ ಲಾಂಚಿಗೆ ಕಾಯ್ತಾ ಕೂತ್ರು. ಆಚೆ ದಡದಲ್ಲಿ ಲೈಟು ಕಾಣ್ತಿತ್ತಂತೆ. ಲಾಂಚು ಬಂತು. ಆಮೇಲೆ ಅದು ಬೇಕಾಗಲಿಲ್ಲ.

ಇದೇ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ಕರೆಂಟು ತೆಗೀಬಹುದು. ನನ್ನ ಆಫೀಸಿನ ಎ.ಸಿ. ಓಡೋದರಲ್ಲಿ ಅದರದ್ದೂ ಪಾಲಿರಬಹುದು. ಅಪ್ಪನ ಕಡೆಯವರ ಥರ ಎದ್ದು ಬಂದವರಲ್ಲಿ ಎಷ್ಟೋ ಜನ ಉಳೋ ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಅಲೀತಿದಾರೆ. ಉಳಿದವರು ಸೇತುವೆಗೆ ಕಾದ್ರು.

2018ರಲ್ಲಿ ಸೇತುವೆಗೆ ಶಂಕುಸ್ಥಾಪನೆ ಆಯ್ತು. ಪ್ರತಿ ರಜೇಲೂ ನೀರಿನ ಮಧ್ಯೆ ಕಂಬಗಳು ಸ್ವಲ್ಪ ಸ್ವಲ್ಪ ಎತ್ತರ ಆಗ್ತಿದ್ದದ್ದನ್ನ ಲಾಂಚಿಂದಾನೇ ನೋಡ್ತಿದ್ವಿ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. 2.44 ಕಿಲೋಮೀಟರ್, ತಂತಿಗಳಲ್ಲಿ ತೂಗು ಹಾಕಿದ ಸೇತುವೆ.

ನಾಚಿಕೆ ಬಿಟ್ಟು ಹೇಳ್ತೀನಿ. ಇಷ್ಟೆಲ್ಲ ಗೊತ್ತಿದ್ದೂ ಅವತ್ತು ನಾನು ಲಾಂಚಿನ ಹಳೇ ಫೋಟೋ ಹಾಕಿ, "ನನ್ನ ಬಾಲ್ಯ ಇವತ್ತಿಗೆ ಮುಗೀತು" ಅಂತ ಸ್ಟೇಟಸ್ ಬರೆದೆ. ಬೆಂಗಳೂರಿನ ಗೆಳೆಯರೆಲ್ಲ ಅಳೋ ಇಮೋಜಿ ಕಳಿಸಿದ್ರು. ಮಾವನ ಮಗನೂ ನೋಡಿದ್ದ. ಏನೂ ಬರೀಲಿಲ್ಲ. ರಾತ್ರಿ ಹನ್ನೊಂದೂವರೆಗೆ ಒಂದು ವಿಡಿಯೋ ಕಳಿಸಿದ. ಸೇತುವೆ ಮೇಲೆ ಬೈಕಲ್ಲಿ ಅವನು, ಹಿಂದೆ ಮಾವ. ಇಬ್ಬರೂ ಸುಮ್ಮನೆ ಆಚೆ ದಡಕ್ಕೆ ಹೋಗಿ, ವಾಪಸ್ ಬರ್ತಿದ್ರು. ರಾತ್ರಿ ಹನ್ನೊಂದೂವರೆಗೆ. ನಾನು ಸ್ಟೇಟಸ್ ತೆಗೆದುಹಾಕಿದೆ.

ಆ ವರ್ಷ ದೀಪಾವಳಿಗೆ ಹೋದ್ವಿ. ಭದ್ರಾವತಿಯಲ್ಲಿ ಅಮ್ಮ ಹತ್ತಿದ್ಲು, ಶಿವಮೊಗ್ಗದಲ್ಲಿ ತುಂಗೆಗೆ ಕೈಮುಗಿದ್ಲು, ಎಲ್ಲಾ ಮೊದಲಿನ ಹಾಗೇ. ಸೇತುವೆ ಬಂದಾಗ ಮಗಳು, "ಅಪ್ಪಾ, ಲಾಂಚಲ್ಲಿ ಹೋಗಲ್ವಾ?" ಅಂತ ಮುಖ ಸಣ್ಣ ಮಾಡಿದ್ಲು. ಅಮ್ಮ ಕಿಟಕಿ ಗಾಜು ಇಳಿಸಿ ನೀರನ್ನೇ ನೋಡ್ತಿದ್ಲು. ನಾನು ಬೇಕಂತಲೇ ನಿಧಾನವಾಗಿ ಓಡಿಸಿದೆ. ಆಚೆ ದಡ ಮುಟ್ಟಿದ ಮೇಲೆ ಅಮ್ಮ ಕೇಳಿದ್ಲು.

"ಎಷ್ಟು ಹೊತ್ತಾಯ್ತೋ?"

"ನಾಲ್ಕು ನಿಮಿಷ ಅಮ್ಮ."

"ಅಷ್ಟೇನಾ" ಅಂದು ಗಾಜು ಏರಿಸಿದ್ಲು. ಮನೆ ಬರೋವರೆಗೂ ಮತ್ತೆ ಮಾತಾಡಲಿಲ್ಲ.