ಕೊಪ್ಪರಿಗೆಯ ಅಂಚು



ಕಂಪ್ಲಿಯ ಸಮೀಪದಲ್ಲಿರುವ ನಮ್ಮ ಶಾಖಾಮಠದ ದಾಸೋಹದ ಮನೆಯಲ್ಲಿ ಪ್ರಸಾದ ಸ್ವೀಕರಿಸಿದವರಿಗೆ ಅಲ್ಲಿಯ ದೊಡ್ಡ ತಾಮ್ರದ ಕೊಪ್ಪರಿಗೆಯ ನೆನಪಿರಬಹುದು. ಅದರ ಅಂಚಿನಲ್ಲಿ, ಹಿಡಿಕೆಯ ಬಲಗಡೆಗೆ, ಗೇಣುದ್ದದ ಒಂದು ತೇಪೆಯಿದೆ. ಏಳು ರಿವಿಟ್ಟುಗಳನ್ನು ಹೊಡೆದು ಅದನ್ನು ಕೂಡಿಸಲಾಗಿದೆ. ವಿದ್ಯಾರ್ಥಿನಿಲಯದಲ್ಲಿದ್ದು ಓದಿಹೋದವರು, ಆ ಪಾತ್ರೆಯನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದವರು, ಆ ತೇಪೆಗೆ ಬೆರಳು ತರಚಿಸಿಕೊಂಡು ಗೊಣಗಿದ್ದೂ ಉಂಟು. ಇದು ಹೇಗಾಯಿತೆಂದು ಕೇಳಿದವರಿಗೆ ನಾವು 'ಹಳೆಯ ಪಾತ್ರೆಯಪ್ಪ' ಎಂದಷ್ಟೇ ಹೇಳಿ ಮಾತು ಮುಗಿಸಿದ್ದೇವೆ. ಅದು ಪೂರ್ಣ ಸತ್ಯವಲ್ಲ. ಪಾತ್ರೆ ಬಿರಿದದ್ದು ಅದು ಹೊಸದಾಗಿದ್ದಾಗಲೇ. ಬಿರಿದದ್ದು ನಮ್ಮ ಮಾತಿನಿಂದ.

1994ರ ಮಾಘ ಮಾಸದ ಜಾತ್ರೆಗೆ ಇನ್ನು ನಾಲ್ಕು ದಿನಗಳಿದ್ದವು. ನಮಗೆ ಆಗ ಇಪ್ಪತ್ತೈದರ ವಯಸ್ಸು. ಸಂಸ್ಕೃತ ಪಾಠಶಾಲೆಯ ಅಧ್ಯಯನ ಮುಗಿಸಿ, ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನ ಪದವಿಯನ್ನೂ ಪಡೆದು ಬಂದಿದ್ದೆವು. ಎರಡು ವಿದ್ಯೆ ಕಲಿತವನಿಗೆ ಮೂರನೆಯದು ತಾನಾಗಿಯೇ ತಿಳಿದಿರುತ್ತದೆಂಬ ಭಾವನೆ ಆ ವಯಸ್ಸಿಗೆ ಸಹಜವಾದುದು. ಹಿರಿಯ ಶ್ರೀಗಳು ದಾಸೋಹದ ಹೊಣೆಯನ್ನು ನಮಗೆ ಒಪ್ಪಿಸಿದ್ದರು. ಭಕ್ತರೊಬ್ಬರು ತಾಮ್ರದ ತಗಡು ಕೊಡಿಸಿದ್ದರು. ಹೊಸಪೇಟೆಯಿಂದ ವೃದ್ಧ ಕಂಚುಗಾರರೊಬ್ಬರು ತಮ್ಮ ತಿದಿ, ಸುತ್ತಿಗೆ, ಇಕ್ಕಳಗಳೊಡನೆ ಬಂದು ಹಿತ್ತಿಲಿನ ಬೇವಿನ ಮರದ ಕೆಳಗೆ ಕುಲುಮೆ ಹೂಡಿದ್ದರು.

ಅವರ ಕೆಲಸವನ್ನು ನಾವು ಕುಳಿತು ನೋಡುತ್ತಿದ್ದೆವು. ಸ್ವಲ್ಪ ಹೊತ್ತು ಬಡಿಯುವರು, ಇದ್ದಕ್ಕಿದ್ದಂತೆ ನಿಲ್ಲಿಸುವರು, ತಲೆ ಓರೆ ಮಾಡಿ ಮತ್ತೊಂದೆರಡು ಪೆಟ್ಟು ಹಾಕಿ ಆಲಿಸುವರು. ಆಮೇಲೆ ಸುತ್ತಿಗೆ ಕೆಳಗಿಟ್ಟು, ತಾಮ್ರವನ್ನು ಇದ್ದಿಲ ಬೆಂಕಿಯ ಮೇಲೆ ಹಿಡಿದು, ಅದು ಮಂದವಾದ ಕೆಂಪಿಗೆ ಬರುವವರೆಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ ಬಡಿಯಲು ತೊಡಗುವರು. ನೀರಿನಲ್ಲಿ ಅದ್ದಿದರೆ ಲೋಹ ಇನ್ನಷ್ಟು ಗಡುಸಾಗುವುದಿಲ್ಲವೇ ಎಂದು ನಾವು ಕೇಳಿದೆವು. ಕಮ್ಮಾರನ ಕುಲುಮೆಯಲ್ಲಿ ಕೊಡಲಿಗೆ ಹಾಗೆ ಮಾಡುವುದನ್ನು ಕಂಡಿದ್ದೆವಲ್ಲ! ಅವರು ನಕ್ಕು, 'ಅದು ಕಬ್ಬಿಣ, ಬುದ್ಧಿ' ಎಂದರು. ಅದಕ್ಕಿಂತ ಹೆಚ್ಚಿನ ವಿವರಣೆ ಬರಲಿಲ್ಲ.

ಮೂರನೆಯ ದಿನದ ಸಂಜೆ ಅಂಚನ್ನು ಹೊರಕ್ಕೆ ಮಗುಚುವ ಕೆಲಸ ನಡೆದಿತ್ತು. ಇದ್ದಿಲು ಖರ್ಚಾಗುತ್ತಿತ್ತು, ಹೊತ್ತು ಮುಳುಗುತ್ತಿತ್ತು, ಮರುದಿನ ಬೆಳಗ್ಗೆ ಪಾತ್ರೆ ಒಲೆಗೆ ಏರಬೇಕಾಗಿತ್ತು. ಅವರು ಮತ್ತೆ ಸುತ್ತಿಗೆ ಕೆಳಗಿಟ್ಟಾಗ ನಮಗೆ ಸಹನೆ ತಪ್ಪಿತು. 'ಎಷ್ಟು ಸಲ ಕಾಯಿಸುತ್ತೀರಿ? ಬಡಿದು ಮುಗಿಸಿರಿ' ಎಂದು, ಹತ್ತಾರು ಜನ ಭಕ್ತರ ಎದುರಿಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆವು. ಅವರು, 'ತಾಮ್ರ ದಣದೈತಿ ಬುದ್ಧಿ, ಇನ್ನೊಂದು ಸಲ ಕಾಸಬೇಕು' ಎಂದರು. ನಾವು ಒಪ್ಪಲಿಲ್ಲ. ಅವರು ನಮ್ಮ ಮುಖವನ್ನೊಮ್ಮೆ ನೋಡಿ ಸುತ್ತಿಗೆ ಎತ್ತಿಕೊಂಡರು. ಇಪ್ಪತ್ತು ಪೆಟ್ಟು ಬಿದ್ದಿರಬಹುದು. ಅಂಚು ಬಿರಿಯಿತು.

ಆಗ ಆ ಹಿರಿಯರು ಎಲ್ಲರಿಗೂ ಕೇಳುವಂತೆ, 'ನಂದ ತಪ್ಪು ಆತು ಬುದ್ಧಿ' ಎಂದರು. ನಾವು ಸುಮ್ಮನಿದ್ದೆವು. ರಾತ್ರಿಯೆಲ್ಲ ಕುಳಿತು ಅವರು ತೇಪೆ ಹಾಕಿದರು. ಲೆಕ್ಕ ಬರೆಯುವವರು ಗೊತ್ತುಮಾಡಿದ್ದ ಕೂಲಿಯಲ್ಲಿ ನೂರೈವತ್ತು ರೂಪಾಯಿ ಹಿಡಿದಾಗಲೂ ನಾವು ಸುಮ್ಮನಿದ್ದೆವು.

ತಾಮ್ರ ದಣಿಯುತ್ತದೆಂದರೇನು? ಧಾರವಾಡದಲ್ಲಿ ನಾವು ಪರೀಕ್ಷೆಯಲ್ಲಿ ಇದೇ ವಿಷಯಕ್ಕೆ ಎರಡು ಪುಟಗಳ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದೆವೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಆ ಉತ್ತರವನ್ನು ಈಗ ತಮಗೆ ತಿಳಿಯುವ ಮಾತಿನಲ್ಲಿ ಹೇಳುತ್ತೇವೆ.

ಲೋಹವೆಂಬುದು ನೋಡಲು ಏಕವಾದ ಗಟ್ಟಿಯಂತಿದ್ದರೂ ಅದು ಅಸಂಖ್ಯ ಸಣ್ಣ ಹರಳುಗಳ ಕೂಟ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿಯೆಂಬ ವಿದ್ವಾಂಸನು 1860ರ ದಶಕದಲ್ಲಿ ಉಕ್ಕನ್ನು ನಯಗೊಳಿಸಿ, ಆಮ್ಲದಿಂದ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಇದನ್ನು ಕಂಡನು. ಪ್ರತಿ ಹರಳಿನೊಳಗೂ ಪರಮಾಣುಗಳು ದಾಸೋಹದ ಪಂಕ್ತಿಯಂತೆ ಸಾಲುಸಾಲಾಗಿ ಕುಳಿತಿರುತ್ತವೆ. ಆದರೆ ಪಂಕ್ತಿ ಎಲ್ಲಿಯೂ ಪರಿಪೂರ್ಣವಲ್ಲ. ಕೆಲವೆಡೆ ಒಂದು ಸಾಲು ಅರ್ಧಕ್ಕೇ ನಿಂತುಬಿಡುತ್ತದೆ. ಇದನ್ನು ಪಲ್ಲಟವೆಂದು ಕರೆಯೋಣ. ಸುತ್ತಿಗೆಯ ಪೆಟ್ಟು ಬಿದ್ದಾಗ ಇಡೀ ಪಂಕ್ತಿ ಒಮ್ಮೆಲೇ ಏಳುವುದಿಲ್ಲ. ಆ ಅರ್ಧ ಸಾಲಿನ ಪಕ್ಕದವನು ಒಂದು ಎಲೆಯಷ್ಟು ಜರುಗುತ್ತಾನೆ, ಅವನ ಪಕ್ಕದವನು ಆಮೇಲೆ, ಹೀಗೆ ಪಲ್ಲಟವು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿ ಲೋಹ ಬಾಗುತ್ತದೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆಬೇರೆಯಾಗಿ ಇದೇ ವಿಚಾರಕ್ಕೆ ಬಂದರು. ಲೋಹ ಬಾಗುವುದು ಅದರೊಳಗಿನ ಕೊರತೆಯಿಂದಲೇ ಎಂಬುದು ನಮಗೆ ಇಂದಿಗೂ ಸೋಜಿಗದ ಸಂಗತಿ.

ಆದರೆ ಬಡಿದಷ್ಟೂ ಹೊಸ ಪಲ್ಲಟಗಳು ಹುಟ್ಟುತ್ತವೆ. ಮೆತುವಾದ ಲೋಹದಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತು ಲಕ್ಷದಷ್ಟಿರಬಹುದಾದ ಇವು, ಚೆನ್ನಾಗಿ ಬಡಿದ ಲೋಹದಲ್ಲಿ ಲಕ್ಷ ಕೋಟಿಯವರೆಗೂ ಏರುತ್ತವೆ. ಜಾತ್ರೆಯ ದಿನ ನಾಲ್ಕು ದಿಕ್ಕಿನಿಂದ ಬಂಡಿಗಳು ಬಂದು ಒಂದೇ ಕೂಟಿನಲ್ಲಿ ಸಿಕ್ಕಿಕೊಂಡಂತೆ ಒಂದಕ್ಕೊಂದು ಅಡ್ಡಬಿದ್ದು ಯಾವುದೂ ಮುಂದೆ ಸಾಗದು. ಲೋಹ ಗಡುಸಾಯಿತು. ಇನ್ನೂ ಬಡಿದರೆ ಬಾಗಲಾರದೆ ಬಿರಿಯುತ್ತದೆ. ಅಂಚನ್ನು ಹೊರಕ್ಕೆ ಮಗುಚುವಾಗ ಲೋಹವು ಹಿಗ್ಗಲೇಬೇಕು. ಆದುದರಿಂದ ಬಿರಿತ ಮೊದಲು ಕಾಣುವುದು ಅಲ್ಲಿಯೇ. ಕಂಚುಗಾರರು 'ದಣದೈತಿ' ಎಂದದ್ದು ಇದನ್ನು. ಅವರ ಕಿವಿಗೆ ಅದು ಸುತ್ತಿಗೆಯ ದನಿಯಲ್ಲಿ ಕೇಳಿಸುತ್ತಿತ್ತು.

ಕಾಯಿಸಿದಾಗ ಆಗುವುದಾದರೂ ಏನು? ಬಿಸಿ ಏರುತ್ತಿದ್ದಂತೆ ಮೊದಲು ಒಳಗಿನ ಬಿಗುವು ಸಡಿಲವಾಗುತ್ತದೆ. ಗಡಸುತನ ಇನ್ನೂ ಹಾಗೆಯೇ ಇರುತ್ತದೆ. ಮುಂದೆ ಒಂದು ಹಂತದಲ್ಲಿ, ನುಗ್ಗುನುರಿಯಾದ ಹಳೆಯ ಹರಳುಗಳ ಸಂದಿನಲ್ಲಿ ಅತಿಸೂಕ್ಷ್ಮವಾದ ಹೊಸ ಹರಳುಗಳು ಮೊಳೆತು, ಹಳೆಯವನ್ನು ನುಂಗುತ್ತ ಬೆಳೆದು, ಕೊನೆಗೆ ಹಳೆಯದೊಂದೂ ಉಳಿಯದಂತೆ ಇಡೀ ಲೋಹವನ್ನು ಆವರಿಸುತ್ತವೆ. ಲೋಹ ಕರಗುವುದಿಲ್ಲ, ಪಾತ್ರೆಯ ಆಕಾರ ಕೂದಲೆಳೆಯಷ್ಟೂ ಕೆಡುವುದಿಲ್ಲ, ಒಳಗಿನದೆಲ್ಲ ಹೊಸದು. ತಾಮ್ರದಲ್ಲಿ ಇದರ ಪರಿಣಾಮ ಎಷ್ಟೆಂದರೆ, ಎಳೆತ ತಾಳುವ ಶಕ್ತಿ ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ. ಮುರಿಯದೆ ಹಿಗ್ಗುವ ಗುಣ ಹತ್ತು ಪಟ್ಟಿನಷ್ಟು ಏರಬಹುದು. ಆದರೆ ಬೆಂಕಿಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಬಿಟ್ಟರೆ ಹೊಸ ಹರಳುಗಳೇ ಒಂದನ್ನೊಂದು ನುಂಗಿ ದಪ್ಪವಾಗುತ್ತವೆ. ಅಂಥ ತಗಡನ್ನು ಬಾಗಿಸಿದರೆ ಮೈ ಕಿತ್ತಳೆಯ ಸಿಪ್ಪೆಯಂತೆ ಒರಟಾಗಿ ಕಾಣುತ್ತದೆ. ಕಡಿಮೆಯೂ ಕೆಡುಕು, ಹೆಚ್ಚೂ ಕೆಡುಕು. ಮಣ್ಣಿಗೂ ಪಾಯಸಕ್ಕೂ ಲೋಹಕ್ಕೂ ಕನ್ನಡಿಗರು 'ಹದ'ವೆಂಬ ಒಂದೇ ಮಾತನ್ನು ಇಟ್ಟುಕೊಂಡಿರುವುದು ಅಕಾರಣವಲ್ಲ.

ಈ ಹದ ಲೋಹಲೋಹಕ್ಕೆ ಬೇರೆ. ಲೋಹ ಕರಗುವ ಉಷ್ಣತೆಯನ್ನು ಪರಮಶೂನ್ಯದಿಂದ ಎಣಿಸಿದರೆ ಅದರ ಹತ್ತರಲ್ಲಿ ನಾಲ್ಕು ಪಾಲಿನ ಆಸುಪಾಸಿನಲ್ಲಿ ಹೊಸ ಹರಳು ಮೊಳೆಯತೊಡಗುತ್ತದೆಂಬುದು ಸ್ಥೂಲ ಲೆಕ್ಕ. ಸೀಸಕ್ಕೆ ನಮ್ಮ ಕೋಣೆಯ ಬಿಸಿಯೇ ಸಾಕು. ಎಷ್ಟು ಬಡಿದರೂ ಅದು ದಣಿಯದಿರುವುದು ಇದರಿಂದಲೇ. ಕಮ್ಮಾರನು ಕಬ್ಬಿಣವನ್ನು ಕೆಂಪಗಿರುವಾಗಲೇ ಬಡಿಯುವುದರ ಗುಟ್ಟೂ ಇದೇ: ಪೆಟ್ಟಿಗೆ ಮುರಿದ ಹರಳಿನ ಜಾಗದಲ್ಲಿ ಅದೇ ಬಿಸಿಯಲ್ಲಿ ಹೊಸದು ಹುಟ್ಟುತ್ತಿರುತ್ತದೆ.

ಇನ್ನು ನಮ್ಮ ನೀರಿನ ಪ್ರಶ್ನೆ. ತಾಮ್ರಕ್ಕೆ ಕೆಲಸವೆಲ್ಲ ಬೆಂಕಿಯಲ್ಲಿಯೇ ಮುಗಿದಿರುತ್ತದೆ. ನೀರಿಗೆ ಹಾಕಿದರೂ ಗಾಳಿಗೆ ಬಿಟ್ಟರೂ ಅದು ಮೆತು. ನೀರಿನಿಂದಾಗುವ ಲಾಭ ಮೈಮೇಲಿನ ಕಪ್ಪು ಹೊಪ್ಪಳೆ ಕಳಚುವುದಷ್ಟೇ. ಇಂಗಾಲ ಬೆರೆತ ಉಕ್ಕಿನ ಸಂಗತಿ ಬೇರೆ. ಸುಮಾರು 727 ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ ಅದರ ಹರಳಿನ ಜೋಡಣೆಯೇ ಬದಲಾಗಿ ಇಂಗಾಲವನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ಇಂಗಾಲ ಹೊರಬಂದು ತನ್ನ ಜಾಗದಲ್ಲಿ ಕೂರುತ್ತದೆ, ಉಕ್ಕು ಮೆತುವಾಗುತ್ತದೆ. ತಟ್ಟನೆ ನೀರಿಗೆ ಹಾಕಿದರೆ ಹೊರಬರಲು ಸಮಯವಿಲ್ಲದೆ ಸಿಕ್ಕಿಕೊಂಡು ಇಡೀ ಹರಳನ್ನು ಬಿಗಿಯುತ್ತದೆ. ಹಂಪೆಯ ಬಂಡೆಗಳ ಮೇಲೆ ಬೆಣೆ ಹೊಡೆಯಲು ಕೊರೆದ ಚೌಕದ ಕುಳಿಗಳ ಸಾಲನ್ನು ತಾವು ಕಂಡಿದ್ದೀರಿ. ಆ ಕಣಶಿಲೆಯನ್ನು ಕೊರೆದ ಉಳಿಗಳ ಮೊನೆ ಮೊಂಡಾದಾಗಲೆಲ್ಲ ಕುಲುಮೆಗೆ ಬರಲೇಬೇಕು. ಮೊದಲು ಮೆತುವಾಗಿಸಿ ಮೊನೆ ತಟ್ಟಿ, ಆಮೇಲೆ ನೀರು ಕುಡಿಸಿ ಗಡುಸುಮಾಡಿ, ಮತ್ತೆ ತುಸು ಕಾಯಿಸಿ ಆ ಗಡುಸನ್ನು ಅಷ್ಟಿಷ್ಟು ಇಳಿಸದಿದ್ದರೆ ಮೊನೆ ಚಕ್ಕೆಯೇಳುತ್ತದೆ. ಶಿಲ್ಪಿಗಳ ಹೆಸರನ್ನು ಹುಡುಕುವ ನಾವು ಉಳಿ ಹದಮಾಡಿದವರ ಹೆಸರನ್ನು ಕೇಳುವುದೇ ಇಲ್ಲ.

ಕಂಚಿನದು ಇನ್ನೂ ವಿಚಿತ್ರ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ತವರ ಬೆರೆತ ಕಂಚನ್ನು ನಿಧಾನವಾಗಿ ಆರಗೊಟ್ಟರೆ ಗಡುಸಾಗಿ, ಇಂಪಾದ ನಾದ ಕೊಟ್ಟು, ಬಿದ್ದರೆ ಒಡೆಯುವ ಘಂಟೆಯಾಗುತ್ತದೆ. ಕೆಂಪಗಿರುವಾಗ ನೀರಿಗೆ ಅದ್ದಿದರೆ ಆ ಭಿದುರತೆ ಬಹಳಮಟ್ಟಿಗೆ ತಪ್ಪುತ್ತದೆ. ಕಂಚಿನ ತಾಟುಗಳನ್ನು ಮಾಡುವವರು ಇದನ್ನು ಬಲ್ಲರು. ಒಂದೇ ನೀರು ಉಕ್ಕನ್ನು ಗಡುಸಾಗಿಸುತ್ತದೆ, ತಾಮ್ರವನ್ನು ಹಾಗೆಯೇ ಬಿಡುತ್ತದೆ, ಕಂಚನ್ನು ಸೈರಣೆಯುಳ್ಳದ್ದಾಗಿಸುತ್ತದೆ. 'ಅದು ಕಬ್ಬಿಣ, ಬುದ್ಧಿ' ಎಂಬ ಮೂರು ಮಾತಿನಲ್ಲಿ ಇಷ್ಟೆಲ್ಲ ಇತ್ತು.

ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ. ಹಂಪೆಯ ಮಗ್ಗುಲಿನ ಕಮಲಾಪುರದಲ್ಲಿ ಹಿಂದೆ ಜಂಬುನಾಥನ ಬೆಟ್ಟದ ಅದಿರನ್ನು ಕರಗಿಸಿ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. ಇಂಗ್ಲಿಷರ ಅಗ್ಗದ ಕಬ್ಬಿಣ ಬಂದು ಆ ಕುಲುಮೆಗಳು ಆರಿದವು. ಇಂದು ಅದೇ ಸಂಡೂರು ಸೀಮೆಯ ತೋರಣಗಲ್ಲಿನಲ್ಲಿ, 1994ರಲ್ಲಿಯೇ ಸ್ಥಾಪನೆಗೊಂಡ ಸಂಸ್ಥೆಯ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ನಮ್ಮ ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ತಣ್ಣಗಿರುವಾಗ ರೋಲರುಗಳ ನಡುವೆ ಒತ್ತಿ ತೆಳುವಾಗಿಸಿದ ಉಕ್ಕಿನ ಪಟ್ಟಿಯ ಒಂದು ತುಣುಕನ್ನು ಕೈಗೆ ಕೊಟ್ಟು ಬಾಗಿಸಿರೆಂದರು. ಅದು ಮಣಿಯಲಿಲ್ಲ. ಕುಲುಮೆಯಿಂದ ಹಾದುಬಂದ ಇನ್ನೊಂದು ತುಣುಕು ಬಾಳೆಯೆಲೆಯಂತೆ ಬಾಗಿತು. ಇಂಥ ಉಕ್ಕನ್ನು 700 ಡಿಗ್ರಿಗೂ ಮೇಲಕ್ಕೆ ಕಾಯಿಸುವಾಗ ತುಕ್ಕು ಹಿಡಿಯದಿರಲೆಂದು ಗಾಳಿಯ ಬದಲು ಹೈಡ್ರೋಜನ್ ಬೆರೆತ ಅನಿಲ ತುಂಬುತ್ತಾರೆ. ಹಳೆಯ ಕ್ರಮದಲ್ಲಿ ಸುರುಳಿಗಳನ್ನು ಪೇರಿಸಿ ದಿನಗಟ್ಟಲೆ ಇಡುವುದು, ಹೊಸ ಕ್ರಮದಲ್ಲಿ ಪಟ್ಟಿಯು ಓಡುತ್ತಿರುವಾಗಲೇ ಕೆಲವು ನಿಮಿಷಗಳಲ್ಲಿ ಮುಗಿಸುವುದು. ಕಾರಿನ ಬಾಗಿಲಾಗಿ ಬಾಗಬೇಕಾದ ಉಕ್ಕಿಗೆ ಇದು ತಪ್ಪಿದ್ದಲ್ಲ. ಅಲ್ಲಿ ಇಷ್ಟು ಹೊತ್ತು ಯಾಕೆ ಕಾಯಿಸುತ್ತೀರೆಂದು ಕೇಳುವ ಧೈರ್ಯ ನಮಗೆ ಬರಲಿಲ್ಲ.

ಕಾಯಿಸದೆ ಬಿಟ್ಟ ಲೋಹ ಪೆಟ್ಟಿನ ಕೆಳಗೇ ಬಿರಿಯಬೇಕೆಂದೂ ಇಲ್ಲ. ಇಂಗ್ಲಿಷರ ಆಳ್ವಿಕೆಯಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ, ಕುದುರೆಲಾಯಗಳಲ್ಲಿ ಇಟ್ಟಲ್ಲಿಯೇ, ಯಾರೂ ಮುಟ್ಟದೆ ಸೀಳುತ್ತಿದ್ದವು. ಲಾಯದ ಗಾಳಿಯಲ್ಲಿದ್ದ ಅಮೋನಿಯವು, ತೋಟಾ ತಯಾರಿಸುವಾಗ ಒಳಗೆ ಉಳಿದ ಬಿಗುವಿನೊಡನೆ ಸೇರಿ ಈ ಕೆಲಸ ಮಾಡುತ್ತಿತ್ತೆಂಬುದು 1921ರ ಹೊತ್ತಿಗೆ ಸ್ಪಷ್ಟವಾಯಿತು. ಮದ್ದು ಸುಲಭ: ಗಡಸುತನ ಕೆಡದಷ್ಟು ಸಣ್ಣ ಬಿಸಿಯಲ್ಲಿ ಬಿಗುವನ್ನು ಮಾತ್ರ ಕಳೆಯುವುದು.

ಆ ಹಿರಿಯರನ್ನು ಹುಡುಕಿಕೊಂಡು ನಾವು ಹೊಸಪೇಟೆಗೆ ಹೋದಾಗ ಬಹಳ ತಡವಾಗಿತ್ತು. ಅವರು ಲಿಂಗೈಕ್ಯರಲ್ಲ, ಅವರ ಸಂಪ್ರದಾಯ ಬೇರೆ, ತೀರಿಕೊಂಡಿದ್ದರೆನ್ನೋಣ. ಮಗ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದಾರೆ. ಅಂಗಡಿಯಲ್ಲಿ ಗಿರಾಕಿಗಳ ಎದುರು ನಮಗೆ ಮಾತು ಹೊರಡಲಿಲ್ಲ; ಜಾತ್ರೆಗೆ ಬರಹೇಳಿ ಮರಳಿದೆವು. ಕಳೆದ ಜಾತ್ರೆಗೆ ಬಂದರು. ಕೊಪ್ಪರಿಗೆಯನ್ನು ಕಂಡು ತಾವಾಗಿಯೇ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಸುತ್ತು ಬಂದು, ತೇಪೆಯ ಹತ್ತಿರ ನಿಂತರು. 'ಇಲ್ಲಿ ಕಾಸದ ಬಡದಾರ' ಎಂದರು. ಸ್ವಲ್ಪ ತಡೆದು, 'ನಮ್ಮಪ್ಪ ಹಂಗ ಬಡಿಯೋರಲ್ಲರಿ' ಎಂದರು.

'ಅವರು ಬಡಿಯಲಿಲ್ಲ, ನಾವು ಬಡಿಸಿದೆವು' ಎಂದು, ಅಂದು ನಡೆದುದನ್ನೆಲ್ಲ ಅಡುಗೆಯವರೂ ಕೇಳುವಂತೆ ಹೇಳಿದೆವು. ಹಿಡಿದ ಕೂಲಿಯನ್ನು, ಇಷ್ಟು ವರ್ಷಗಳದ್ದಕ್ಕೆ ನಮಗೆ ತೋಚಿದಷ್ಟು ಸೇರಿಸಿ, ಕವರಿನಲ್ಲಿ ಇಟ್ಟಿದ್ದೆವು. ಅವರು ಅದನ್ನು ಎಣಿಸದೆ ಜೇಬಿಗಿಟ್ಟುಕೊಂಡು, ಕೊಪ್ಪರಿಗೆಯೊಳಕ್ಕೆ ಬಗ್ಗಿ ನೋಡಿ, 'ಕಲಾಯಿ ಹೋಗೇತಿ ಬುದ್ಧಿ. ಜಾತ್ರಿ ಮುಗದ ಮ್ಯಾಲ ಒಬ್ಬರ್ನ ಕಳಸ್ತೀನಿ' ಎಂದರು.